ನಾಲ್ಕನೇ ನಂಬರಿನ ಸರ್ವರ್

ನಮ್ಮ ವಿದ್ಯಾಸಂಸ್ಥೆಗೆ ನಾಲ್ಕು ಊರಲ್ಲಿ ಕಾಲೇಜು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಒಂದೊಂದರಲ್ಲೂ ಒಂದು ಸರ್ವರ್. ಯಾರು ಯಾವ ಕಂಪ್ಯೂಟರಿಗೆ ಲಾಗಿನ್ ಆಗಬಹುದು ಎನ್ನುವ ಪಟ್ಟಿ, ನಾವು ಡೈರೆಕ್ಟರಿ ಅನ್ನುವುದು, ಅದರೊಳಗಿರುತ್ತದೆ. ಆ ಪಟ್ಟಿಯಲ್ಲಿ ಊರಿಗೊಂದು ಪಾಲು, ಅದಕ್ಕೆ ಡೊಮೇನ್ ಎನ್ನುತ್ತೇವೆ, ನಾಲ್ಕೂ ಸೇರಿ ಒಂದು ಸಂಸಾರ. ಚಿಕ್ಕಬಳ್ಳಾಪುರದಲ್ಲಿ ಕೂತು ಅದನ್ನು ನೋಡಿಕೊಳ್ಳುವವಳು ನಾನು.

ಸರ್ವರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಡೈರೆಕ್ಟರಿಯನ್ನು ಸಜ್ಜು ಮಾಡಬೇಕು. ಮೊದಲು ಚಿಕ್ಕಬಳ್ಳಾಪುರದಲ್ಲಿ ಒಂದು ಸಲ. ಆ ಬದಲಾವಣೆ ಉಳಿದ ಮೂರೂ ಊರಿಗೆ ತಲುಪಿದ್ದು ಖಾತ್ರಿಯಾದ ಮೇಲೆ ಒಂದೊಂದು ಡೊಮೇನಿನಲ್ಲೂ ಬೇರೆ ಬೇರೆಯಾಗಿ. ಒಮ್ಮೆ ಮಾಡಿದರೆ ವಾಪಸ್ ತೆಗೆಯುವ ಹಾಗಿಲ್ಲ. ಹಾಗಾಗಿ ಶುರು ಮಾಡುವ ಹೊತ್ತಿಗೆ ನಾಲ್ಕೂ ಸರ್ವರ್ ನಡೆಯುತ್ತಿರಲೇಬೇಕು. ಶನಿವಾರ, ಭಾನುವಾರ ಎರಡೂ ರಜೆ ಇದ್ದ ವಾರ ನೋಡಿ, ಭಾನುವಾರ ಗೊತ್ತು ಮಾಡಿಕೊಂಡೆ. ಶುಕ್ರವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಚಿಂತಾಮಣಿಯಲ್ಲಿ ಯುಪಿಎಸ್ ಬ್ಯಾಟರಿ ಬದಲಾಯಿಸುವವರಿದ್ದರು. ಅಲ್ಲಿಯ ಸರ್ವರನ್ನು ನಾನೇ ಕೂತಲ್ಲಿಂದ ಆಫ್ ಮಾಡಿದೆ. ಸಂಜೆ ಫೋನ್ ಬಂತು: "ಬ್ಯಾಟರಿ ಹಾಕಾಯ್ತು ಮೇಡಂ, ಸರ್ವರ್ ಓಡ್ತಾ ಇದೆ."

ಭಾನುವಾರ ಬೆಳಗ್ಗೆ ನೋಡಿದರೆ ಶಿಡ್ಲಘಟ್ಟದ ಸರ್ವರ್ ಉಸಿರೇ ಎತ್ತುತ್ತಿಲ್ಲ. ಅಲ್ಲಿಯ ಲ್ಯಾಬ್ ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿದೆ. ಕೀ ಅವಳ ಹತ್ತಿರವೇ ಇರುತ್ತದೆ. ಮನೆ ಶಿಡ್ಲಘಟ್ಟದ ಹತ್ತಿರದ ಮೇಲೂರಿನಲ್ಲಿ. ವರ್ಷ ವರ್ಷಕ್ಕೆ ಆರ್ಡರ್ ಕೊಡುವ ಗುತ್ತಿಗೆ ಕೆಲಸ, ಆ ತಿಂಗಳೇ ಮುಗಿಯುವುದಿತ್ತು.

"ಇವತ್ತು ಬರೋಕಾಗಲ್ಲ ಮೇಡಂ. ಹುಳ ಹಣ್ಣಾಗಿದೆ."

ರೇಷ್ಮೆ ಹುಳು ಹಣ್ಣಾದರೆ ಗೂಡು ಕಟ್ಟಲು ಶುರು ಮಾಡುತ್ತದೆ. ಅಷ್ಟರಲ್ಲಿ ಒಂದೊಂದನ್ನೂ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ದಿನ ಮನೆಯವರು ಯಾರೂ ಹೊಸಿಲು ದಾಟುವುದಿಲ್ಲ. ಇದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ, ನನಗೂ ಗೊತ್ತಿತ್ತು. ಆದರೆ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

"ಸರ್ವರ್ ಆಫ್ ಮಾಡಿ ಮನೇಲಿ ಹುಳ ಮೇಯಿಸ್ತಾ ಕೂತಿದೀಯಲ್ಲಮ್ಮಾ, ಚೆನ್ನಾಗಿದೆ" ಎಂದೆ.

"ನಾನು ಆಫ್ ಮಾಡಿಲ್ಲ ಮೇಡಂ."

ಫೋನ್ ಇಟ್ಟವಳೇ ಸಂಸ್ಥೆಯ ಕಾರ್ಯದರ್ಶಿಗೂ ನಾಲ್ಕು ಪ್ರಿನ್ಸಿಪಾಲರಿಗೂ ಮೇಲ್ ಹಾಕಿದೆ. ಶಿಡ್ಲಘಟ್ಟದ ಲ್ಯಾಬ್ ಸಹಾಯಕಿಯ ಬೇಜವಾಬ್ದಾರಿಯಿಂದ ಕೆಲಸ ನಿಂತಿದೆ, ಇಂಥವರನ್ನು ಮುಂದುವರಿಸುವುದು ಸಂಸ್ಥೆಗೆ ಒಳ್ಳೆಯದಲ್ಲ ಎಂದು ಬರೆದೆ. ಆಮೇಲೆ ಸ್ಕೂಟರ್ ಹತ್ತಿ ಮೇಲೂರಿಗೆ ಹೊರಟೆ.

ನಡುಮನೆಯಲ್ಲಿ ಅವಳೂ ಅವಳ ತಾಯಿಯೂ ಹುಳು ಆರಿಸುತ್ತಿದ್ದರು. ತಾಯಿ ತಲೆ ಎತ್ತದೆ, "ರಾ ಅಮ್ಮಾ, ಕೂರ್ಚೋ" ಎಂದರು ತೆಲುಗಿನಲ್ಲಿ. ನಾನು ಕೂರಲಿಲ್ಲ. ಮೇಲ್ ಹಾಕಿದ್ದನ್ನು ಬಾಗಿಲಲ್ಲೇ ನಿಂತು ಹೇಳಿದೆ. ಅವಳ ಮುಖ ಸಣ್ಣದಾಯಿತು. ತಾಯಿಗೆ ಏನೋ ಹೇಳಿ, ಕೈ ತೊಳೆದು, ಕೀ ತೆಗೆದುಕೊಂಡು ನನ್ನ ಹಿಂದೆ ಸ್ಕೂಟರಿನಲ್ಲಿ ಕೂತಳು. ಶಿಡ್ಲಘಟ್ಟದಲ್ಲಿ ಲ್ಯಾಬಿನ ಬೀಗ ಅವಳೇ ತೆಗೆದಳು.

ಗುಂಡಿ ಒತ್ತಿದ ಕೂಡಲೇ ಸರ್ವರ್ ಎದ್ದಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ. "ಯಾರು ಆಫ್ ಮಾಡಿದ್ದು ಅಂತ ಇದರಲ್ಲೇ ಇರುತ್ತೆ, ನೋಡಣ" ಎಂದು ಲಾಗ್ ತೆರೆದೆ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಶುಕ್ರವಾರ ಮಧ್ಯಾಹ್ನ, ಚಿಕ್ಕಬಳ್ಳಾಪುರದಿಂದ ಆಫ್ ಮಾಡಲಾಗಿದೆ ಎಂದಿತ್ತು.

"ಇದು ನಿಮ್ಮ ಲಾಗಿನ್ ಅಲ್ವಾ ಮೇಡಂ" ಎಂದಳು.

ಹೌದು, ನನ್ನದೇ. ನಮ್ಮ ಸರ್ವರುಗಳಿಗೆ ಹೆಸರಿಲ್ಲ, ನಂಬರು. ಕಾಲೇಜುಗಳು ಶುರುವಾದ ಕ್ರಮದಲ್ಲಿ ಕೊಟ್ಟದ್ದು: ಚಿಂತಾಮಣಿ ಮೂರು, ಶಿಡ್ಲಘಟ್ಟ ನಾಲ್ಕು. ಹುಟ್ಟಿದಾಗಿನಿಂದ ನಾನು ಈ ದಾರಿಯ ಬಸ್ಸಲ್ಲಿ ಓಡಾಡಿದವಳು. ಚಿಕ್ಕಬಳ್ಳಾಪುರ ಬಿಟ್ಟರೆ ಮೊದಲು ಶಿಡ್ಲಘಟ್ಟ, ಆಮೇಲೆ ಚಿಂತಾಮಣಿ. ಪಟ್ಟಿ ತೆರೆದು ನೋಡದೆ, ಬಸ್ಸು ಹೋಗುವ ಲೆಕ್ಕದಲ್ಲಿ ಶಿಡ್ಲಘಟ್ಟ ಮೂರು, ಚಿಂತಾಮಣಿ ನಾಲ್ಕು ಎಂದುಕೊಂಡು ನಾಲ್ಕನ್ನು ಆಫ್ ಮಾಡಿದ್ದೆ. ಚಿಂತಾಮಣಿಯದು ಬ್ಯಾಟರಿ ಬಿಚ್ಚುವಾಗ ತಾನೇ ಸತ್ತು, ಕರೆಂಟ್ ಬಂದಾಗ ತಾನೇ ಎದ್ದಿತ್ತು.

ಇಪ್ಪತ್ತು ವರ್ಷದ ಅನುಭವ ನನ್ನದು. ಆ ಹುಡುಗಿಯ ಮುಂದೆ ನಾಚಿಕೆಯಿಂದ ಹಿಡಿಯಷ್ಟಾದೆ. ಆದರೂ ನನ್ನ ಬುದ್ಧಿ ನೋಡಿ, ಮೊದಲು ಹೊಳೆದದ್ದು ಕಾರ್ಯದರ್ಶಿಗೆ ಮಾತ್ರ ಫೋನ್ ಮಾಡಿ ಮೆಲ್ಲಗೆ ಹೇಳಿಬಿಡೋಣ ಎಂದು.

"ತಪ್ಪಾಯ್ತಮ್ಮ. ಸೆಕ್ರೆಟರಿ ಹತ್ರ ನಾನೇ ಮಾತಾಡ್ತೀನಿ" ಎಂದೆ.

"ಮೇಲ್ ಎಷ್ಟು ಜನಕ್ಕೆ ಹಾಕಿದ್ರಿ ಮೇಡಂ?"

"ಐದು ಜನಕ್ಕೆ."

"ಇದೂ ಐದು ಜನಕ್ಕೂ ಹೋಗ್ಲಿ. ಅವ್ರಲ್ಲಿ ಮೂರು ಜನ ನನ್ನ ಮುಖಾನೇ ನೋಡಿಲ್ಲ. ಅವ್ರಿಗೆ ನಾನು ಅಂದ್ರೆ ನೀವು ಬರೆದಿರೋದಷ್ಟೇ."

ಅದೇ ಕುರ್ಚಿಯಲ್ಲಿ ಕೂತು ಬರೆದೆ. ಆಫ್ ಮಾಡಿದವಳು ನಾನು, ಆಕೆಯದು ಎಳ್ಳಷ್ಟೂ ತಪ್ಪಿಲ್ಲ, ಬೆಳಗಿನ ಮೇಲ್ ನಾನು ವಿಚಾರಿಸದೆ ಬರೆದದ್ದು. ಅವಳು ನಿಂತೇ ಓದಿದಳು, ಐದು ವಿಳಾಸಗಳನ್ನೂ ಬೆರಳಿಟ್ಟು ಎಣಿಸಿದಳು, ಆಮೇಲೆ ಕಳಿಸಿ ಎಂದಳು.