ಗಂಜಿ ಹಾಕಿದ ಕಂಬಳಿ

ಗಡಗಡ ಗಡಗಡ! ಚಿತ್ರದುರ್ಗದ ನಮ್ಮ ಬೀದಿಯ ಕಲ್ಲುಗಳ ಮೇಲೆ ನನ್ನ ಟ್ರಾಲಿ ಸೂಟ್‌ಕೇಸ್ ಮಾಡಿದ ಆ ಸದ್ದು, ಅದನ್ನು ಮುಳುಗಿಸಿದ ನನ್ನ ಬೀಗಿತ್ತಿಯ ನಗು. ಎಲೆಅಡಿಕೆಯಿಂದ ಕೆಂಪಾದ ಬಾಯಿಗೆ ಅಂಗೈ ಅಡ್ಡ ಹಿಡಿದು ನಗುತ್ತಿದ್ದರು ಅವರು.

"ಏನ್ರಿ ಬೀಗ್ರೇ, ಒಂದು ರಾತ್ರಿಗೆ ಹೊಂಟೀರೋ, ಸಂಸಾರ ಹೂಡಾಕೆ ಹೊಂಟೀರೋ?"

ಮಗಳ ಅತ್ತೆ, ಹೊಸದುರ್ಗದ ಕಡೆಯ ಮಾಡದಕೆರೆಯವರು. ಕುರಿ ಹಿಂದೆ ಊರೂರು ನಡೆದಿದ್ದರೂ ಕುರಿಯಿಲ್ಲದೆ ಎಲ್ಲಿಗೂ ಹೋದವರಲ್ಲ. ಸುಮ್ಮನೆ ನೋಡುವುದಕ್ಕೆಂದೇ ಜೋಗಿಮಟ್ಟಿ ಬೆಟ್ಟ ಹತ್ತಬೇಕು, ಅದೂ ನಡೆದು. ಅದೊಂದೇ ಅವರ ಆಸೆ. ಈ ವೆದರಿನಲ್ಲಿ ಬೇಡ ಅಂದರು ಮಕ್ಕಳು. "ಮಂಡಿ ಹೋಗ್ತಾ ಐತೆ. ಈ ಆಷಾಢ ಬಿಟ್ರೆ ಇನ್ನ ಹತ್ತಾಕೆ ಆಗಲ್ಲ. ಹೋಗಾಣ ಬರ್ರಿ" ಅಂದರು ಇವರು. ಥ್ರಿಲ್ಲಾಗಿ ನನಗೆ ನಿದ್ದೆಯೇ ಹತ್ತಲಿಲ್ಲ!

ಹುಡುಗಿಯರ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು 'ಬಿ ಪ್ರಿಪೇರ್ಡ್'. ಹಾಗಾಗಿ ಎರಡು ಸ್ವೆಟರ್, ರೇನ್‌ಕೋಟ್, ಥರ್ಮಾಸ್, ಹಾಟ್ ವಾಟರ್ ಬ್ಯಾಗ್ ಎಲ್ಲ ತುಂಬಿದ್ದೆ. ಬೀದಿ ತಿರುವಿನಲ್ಲೇ ಬೀಗಿತ್ತಿ ಆ ಸೂಟ್‌ಕೇಸನ್ನು ಮನೆಗೆ ವಾಪಸ್ ಕಳಿಸಿಬಿಟ್ಟರು. "ನಾ ಕೊಟ್ಟ ಕಂಬಳಿ ಐತಲ್ಲ, ಅದೊಂದು ತಗಳ್ರಿ. ಮಳೆಗೆ ತಲೆ ಮ್ಯಾಲೆ ಕೊಪ್ಪೆ, ಚಳಿಗೆ ಹೊದಿಕೆ, ಕುಂತ್ರೆ ಚಾಪೆ." ಅವರ ಗಂಟಿನಲ್ಲಿ ಇದ್ದದ್ದು ರೊಟ್ಟಿ, ಚಟ್ನಿಪುಡಿ, ಒಂದು ಸೀರೆ.

ಒಂದು ಮಾತು ಮಾತ್ರ ನಾನು ಹೇಳಿರಲಿಲ್ಲ.

ಅರ್ಧ ಬೆಟ್ಟದವರೆಗೂ ಬಿಸಿಲು. ಆಮೇಲೆ ಗಾಳಿ ತಿರುಗಿ, ಸೋನೆ ಹಿಡಿದು, ಕಡೆಗೆ ಜೋರು ಮಳೆಯೇ ಬಂತು. ನನ್ನ ಕಂಬಳಿ ಸ್ಪಂಜಿನಂತೆ ನೀರು ಕುಡಿಯಿತು. ಹಲ್ಲು ಕಟಕಟ. ಅವರು ಅಂಚು ಮುಟ್ಟಿ ನೋಡಿದರು.

"ಅಯ್ಯೋ ಶಿವನೇ, ಗಂಜಿ ಎಲ್ಲಿ ಹೋತು?"

"ಕುರಿ ವಾಸನೆ ಅಂತ... ಮೆಷಿನ್ನಿಗೆ ಹಾಕ್ದೆ."

ಹುಣಸೆಬೀಜದ ಗಂಜಿ ಉಣಿಸಿದ್ದರೆ ತಾನೇ ಕಂಬಳಿಯ ಮೇಲೆ ನೀರು ಜಾರುವುದು! ಅದು ನನಗೆ ಗೊತ್ತಾದದ್ದು ಆ ಮಳೆಯಲ್ಲಿ. "ಸಾರಿ ಬೀಗ್ರೇ, ನನ್ನ ಕೈಲಾಗಲ್ಲ, ವಾಪಸ್ ಹೋಗೋಣ" ಎಂದೆ. ಅವರು ಒಮ್ಮೆ ಬೆಟ್ಟದ ನೆತ್ತಿಯ ಕಡೆ ನೋಡಿದರು. ಅವರ ಒಂದೇ ಆಸೆಯನ್ನು ನನ್ನ ವಾಷಿಂಗ್ ಮೆಷಿನ್ ಕೆಡಿಸಿತ್ತು.

ಆಮೇಲೆ ತಮ್ಮ ಕಂಬಳಿ ಬಿಚ್ಚಿದರು. "ಬರ್ರಿ ಒಳಗೆ. ಇಬ್ಬರೂ ಸೇರಿ ನಾಲ್ಕು ಕಾಲಿನ ಒಂದು ಕುರಿ ಆಗಾಣ."

ಒಂದೇ ಕೊಪ್ಪೆಯೊಳಗೆ ಎರಡು ತಲೆ, ಪರಸ್ಪರ ಕಾಲು ತುಳಿಯುತ್ತ, ನಗುತ್ತ ಹತ್ತಿದೆವು. ನೆತ್ತಿಗೆ ಬಂದಾಗ ಸುತ್ತ ಬರೀ ಮೋಡ. ಅವರು ಕುರಿ ಕರೆಯುವ ದನಿಯಲ್ಲಿ ಒಮ್ಮೆ ಕೂಗಿದರು. ಬಿಲೀವ್ ಮಿ, ಮೋಡಗಳು ಸರಿದವು! ಗಾಳಿಯಂತ್ರಗಳು, ಕೆರೆಗಳು, ದೂರದಲ್ಲಿ ಹೊಸದುರ್ಗದ ದಿಕ್ಕು. "ಅಗೋ, ನಾನು ನಡೆದ ಹಾದಿಯೆಲ್ಲ ಇಷ್ಟೇ ಇಷ್ಟು ಐತೆ!" ಎಂದರು. ಆ ರಾತ್ರಿ ಬೆಟ್ಟದ ಮೇಲಿನ ಅರಣ್ಯ ಇಲಾಖೆಯ ಬಂಗಲೆಯಲ್ಲಿ ನಾನು ಉಟ್ಟದ್ದು ಅವರ ಗಂಟಿನಲ್ಲಿದ್ದ ಸೀರೆಯನ್ನೇ.

ನಾಳೆ ಬೆಳಗ್ಗೆ ಮತ್ತೆ ಅದೇ ಬೆಟ್ಟಕ್ಕೆ ಹೊರಟಿದ್ದೇನೆ, ಈ ಸಲ ಒಬ್ಬಳೇ. ಲಗೇಜ್ ಒಂದೇ: ಅವರೇ ಊರಿಗೆ ಒಯ್ದು, ಮತ್ತೆ ಗಂಜಿ ಉಣಿಸಿ ತಂದ ನನ್ನ ಕಂಬಳಿ. ಆ ವರ್ಷದ ಮಳೆಗಾಲ ಮುಗಿಯುವ ಮುನ್ನ ಅದನ್ನು ಕೊಡಲೆಂದೇ ಬಂದು, ಅಂದೇ ಸಂಜೆಯ ಬಸ್ಸಿಗೆ ಹೊರಟಿದ್ದರು. ಆಗ ಇಬ್ಬರಿಗೂ ಗೊತ್ತಿರಲಿಲ್ಲ, ಮುಂದಿನ ಚಳಿಗಾಲ ನೋಡಲು ಅವರಿರುವುದಿಲ್ಲವೆಂದು. ಹೊಸದುರ್ಗದ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದರು:

"ಒಗೆದೀರಿ ಮತ್ತೆ!"

ಬಸ್ಸು ತಿರುಗಿತು. ಕೆಂಪು ಬಾಯಿಗೆ ಅಂಗೈ ಅಡ್ಡ ಬಂತು.