ತೊಟ್ಟಿಯ ಹಾವುಮೀನಿಗೆ ಪಂಚಮಿಯ ಪಾಲು

ಶ್ರಾವಣ ಶುದ್ಧ ಪಂಚಮಿ, ಬೆಳಿಗ್ಗೆ ಏಳೂಕಾಲು. ಘತ್ತರಗಿ ಸಮೀಪದ ನಮ್ಮ ದೊಡ್ಡಪ್ಪನ ಹೊಲದ ಮನೆ.

ದನಗಳು ನೀರು ಕುಡಿಯುವ ತೊಟ್ಟಿಯ ತಳದಲ್ಲಿ ಮೊಳದುದ್ದದ್ದೇನೋ ಸುತ್ತಿಕೊಂಡು ಬಿದ್ದಿತ್ತು. ಮೊದಲು ಕಂಡವಳು ದೊಡ್ಡವ್ವ. ಪೂಜೆಗೆಂದು ಇಟ್ಟಿದ್ದ ಮಣ್ಣಿನ ನಾಗಪ್ಪನನ್ನು ಬಿಟ್ಟು, ತುಂಬಿದ ಹಾಲಿನ ಚರಗಿ ಹಿಡಿದು ಅಲ್ಲಿಗೇ ಬಂದಳು.

"ನಾಗಪ್ಪ ತಾನೇ ಮನಿತನಕ ಬಂದಾನ. ಹಾಲು ಇಲ್ಲೇ ಎರೀತೇನಿ."

ನಾನು ಬಗ್ಗಿ ನೋಡಿದೆ. ಚೂಪು ಮೂತಿ, ಕಂದು ಮೈಮೇಲೆ ಕಪ್ಪು ಗೆರೆ, ಬೆನ್ನುದ್ದಕ್ಕೂ ಸಣ್ಣ ಮುಳ್ಳುಗಳ ಸಾಲು. ಭೀಮಾ ನದಿಯ ಸೊನ್ನದ ಬ್ಯಾರೇಜಿನ ಕೆಳಗೆ ಬಲೆಗೆ ಬಿದ್ದ ಇಂಥ ಮೂರು ಮೀನುಗಳನ್ನು ನಾನು ನನ್ನ ಮೀನಿನ ಟಿಪ್ಪಣಿ ಪುಸ್ತಕದಲ್ಲಿ ಈಗಾಗಲೇ ಬರೆದಿಟ್ಟುಕೊಂಡಿದ್ದೆ. ಇದು ನಾಲ್ಕನೆಯದು. ಅಷ್ಟು ಹಾಲು ಬಿದ್ದರೆ ನೀರು ಕೆಟ್ಟು, ಸಂಜೆಯೊಳಗೆ ಅದು ಸಾಯುತ್ತಿತ್ತು.

"ದೊಡ್ಡವ್ವ, ತಡಿ. ಇದು ಹಾವುಮೀನು. ಹಾಲು ಹಾಕಿದ್ರ ಸಾಯ್ತದ."

"ಪಂಚಮಿ ದಿನ ಸಾಯೋ ಮಾತು ಆಡಬ್ಯಾಡ ಬೇ. ಮೂರು ಮೀನು ನೋಡಿದಾಕಿ ನನಗ ಹಾವು ಕಲಿಸ್ತಿ?"

"ತಲಿ ಹಿಂದ ನೋಡು, ಕಿವಿರು ಬಡೀಲಾಕತ್ತದ. ಹಾವಿಗೆ ಕಿವಿರು ಎಲ್ಲಿರ್ತದ?"

ಅಷ್ಟರಲ್ಲಿ ದೊಡ್ಡಪ್ಪ ಬಂದ. "ಹಾವಾದ್ರೂ ಮೀನಾದ್ರೂ ನಮ್ಮ ಎಮ್ಮಿ ನೀರು ಕುಡೀಬೇಕಲ್ಲ," ಎಂದು ಟವೆಲ್ ಸುತ್ತಿದ ಕೈ ನೀರಿಗಿಳಿಸಿದ. ಮುಳ್ಳು ಚುಚ್ಚಿದ್ದೇ ತಡ, ಕೈ ಹಿಂದಕ್ಕೆಳೆದುಕೊಂಡ.

"ನಾಗಪ್ಪ ಕಡಿದ್ನೇನ್ರಿ?" ಎಂದಳು ದೊಡ್ಡವ್ವ.

"ಕಡೀಲಿಲ್ಲ, ಚುಚ್ಚಿದ. ನಿನ್ನ ಮಾತಿನಂಗ."

ದೊಡ್ಡವ್ವ ನಕ್ಕಳು. ಚರಗಿಯನ್ನು ಕಟ್ಟೆಯ ಮೇಲಿಟ್ಟು ತಾನೇ ಒಂದು ಬುಟ್ಟಿ ತಂದಳು. ಮೂರನೇ ಸಲಕ್ಕೆ ಮೀನು ಬುಟ್ಟಿಯೊಳಗೆ ಬಂತು. ಕೊಡದ ನೀರಿಗೆ ಅದನ್ನು ಹಾಕಿದಾಗ ಅವಳು ಬಹಳ ಹೊತ್ತು ಕಿವಿರನ್ನೇ ನೋಡಿದಳು. "ಮಾರಿ-ಮೂತಿ ಮಾತ್ರ ಹಾವಿಂದೇ," ಎಂದು ಅರ್ಧ ಒಪ್ಪಿಕೊಂಡಳು.

ನಾನೂ ದೊಡ್ಡಪ್ಪನೂ ಕೊಡ ಹೊತ್ತು ಭೀಮೆಗೆ ನಡೆದೆವು. ಕೊಡ ಬಗ್ಗಿಸಿದ್ದೇ ತಡ, ಮೀನು ಒಮ್ಮೆ ಬಳುಕಿ ಕೆಸರಿಗಿಳಿಯಿತು. ಮರಳಿ ಬಂದಾಗ ದೊಡ್ಡವ್ವ ಮಣ್ಣಿನ ನಾಗಪ್ಪನ ಮುಂದೆ ಕೂತಿದ್ದಳು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ ಎರೆಯುವುದು ನಮ್ಮ ಮನೆಯ ರೂಢಿ.

"ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು," ಎನ್ನುತ್ತ ಹೋದವಳು ನಮ್ಮನ್ನು ಕಂಡು ಕೇಳಿದಳು: "ಹೋತೇನು?"

"ಹೋತು."

"ತೊಟ್ಟಿ ಮೀನಿನ ಪಾಲು," ಎಂದು ಇನ್ನೊಂದು ಹನಿ ಎರೆದಳು.

ಒಂದು ಮಾತ್ರ ತಿಳಿಯದೆ ಉಳಿದಿದೆ. ನದಿಯಿಂದ ತೊಟ್ಟಿಗೆ ನೀರು ತರುವ ಪೈಪಿನ ಬಾಯಿಗಿರುವ ಜಾಲರಿಯಲ್ಲಿ ನನ್ನ ಕಿರುಬೆರಳೂ ತೂರುವುದಿಲ್ಲ. ಅದು ಮರಿಯಾಗಿ ಬಂದು ತೊಟ್ಟಿಯಲ್ಲೇ ಬೆಳೆಯಿತೇ? ಬೆಳೆದಿದ್ದರೆ ಏನು ತಿಂದು? ಬಲ್ಲವರು ದಯಮಾಡಿ ನನಗೆರಡು ಸಾಲು ಬರೆಯಿರಿ, ದೊಡ್ಡವ್ವನೂ ಕೇಳುತ್ತಿದ್ದಾಳೆ.