ಮಗಳ ಕಾಲುನೋವಿಗೆ ಸಾಕ್ಷಿ ಕೇಳಿದವರು

ನನ್ನ ಮಗ ಆರೇಳು ವರ್ಷದವನಿದ್ದಾಗ ಸಂಜೆಯಾದರೆ ಕಾಲು ನೋಯುತ್ತವೆಂದು ಅಳುತ್ತಿದ್ದ. ಆಗ ಕುಬಿಹಾಳದ ನಮ್ಮ ಮನೆ ಹೇಗಿತ್ತೆಂದರೆ, ಅವನು ತುಟಿ ಸೊಟ್ಟ ಮಾಡಿದರೆ ಸಾಕು, ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಅವನ ಕಾಲನ್ನು ತಮ್ಮ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದರು. "ನನ್ನ ರಾಜಾ ಎತ್ತರ ಆಗಾಕತ್ತಾನ, ಅದಕ್ಕ ಎಲುಬು ಜಗ್ಗತಾವು" ಎನ್ನುತ್ತಿದ್ದರು. ನನ್ನ ಗಂಡ ಹೊಲದಿಂದ ಬಂದವರು ಚಹಾ ಕುಡಿಯುವ ಮೊದಲೇ "ಕಾಲು ಹೆಂಗದಾವಲೇ?" ಎಂದು ಕೇಳುತ್ತಿದ್ದರು. ಅವನ ನೋವು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಯಾರಿಗೂ ಬರಲಿಲ್ಲ. ಮುಂದೆ ಅದು ತಾನಾಗಿಯೇ ಕಡಿಮೆಯಾಯಿತು. ಎಲ್ಲರೂ ಮರೆತರು.

ಮಗಳಿಗೆ ಅದೇ ವಯಸ್ಸಾದಾಗ ಅವಳಿಗೂ ಅದೇ ನೋವು ಬಂತು. ಶಾಲೆಯಲ್ಲಿ ಕುಣಿದು, ಕುಂಟಾಟ ಆಡಿ ಬಂದ ದಿನ ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತಿತ್ತು. "ಯವ್ವಾ, ಮೀನಖಂಡ ಹಿಂಡಿದಂಗ ಆಗತೈತಿ" ಎಂದು ಮೊಣಕಾಲ ಕೆಳಗೆ ಹಿಂಬದಿ ತೋರಿಸುತ್ತಿದ್ದಳು. ಅತ್ತೆ ಕುಳಿತಲ್ಲಿಂದಲೇ ಹೇಳಿದರು: "ಕೆಲಸ ಅಂದ ಕೂಡ್ಲೆ ಇಕಿಗೆ ಕಾಲು ನೋಯ್ತಾವು ನೋಡು. ಅಗದಿ ನಾಟಕದಾಕಿ."

ಆ ಹೊತ್ತಿನಲ್ಲಿ ಅವಳಿಗೆ ಯಾರೂ ಯಾವ ಕೆಲಸವನ್ನೂ ಹೇಳಿರಲಿಲ್ಲ. ನಾನು ಅದನ್ನೇ ಅಂದೆ. ಗಂಡ ಮೊಬೈಲಿನಿಂದ ತಲೆ ಎತ್ತದೆ, "ಹೆಣ್ಣುಹುಡುಗಿ ಈಗಿಂದ ಇಷ್ಟು ನಾಜೂಕ ಆದ್ರ ಮುಂದ ಹೆಂಗ?" ಎಂದರು. ಎಂಟು ತುಂಬದ ಮಗುವಿಗೆ ಯಾವ ಮುಂದೆ? ಸಿಟ್ಟು ನೆತ್ತಿಗೇರಿತು. ಮಗಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಲೆಯ ಪಕ್ಕ ಕೂರಿಸಿ ಎಣ್ಣೆ ತಿಕ್ಕಿದೆ. ಹೊರಗಿನಿಂದ ಅತ್ತೆಯ ದನಿ ಬಂತು: "ರೂಢಿ ಹಾಕಬ್ಯಾಡ ಬೇ, ಆಮ್ಯಾಲ ದಿನಾ ಕೇಳ್ತಾಳ."

ಅವಳು ದಿನಾ ಕೇಳಲಿಲ್ಲ. ಸ್ವಲ್ಪ ದಿನದ ಮೇಲೆ ಕೇಳುವುದನ್ನೇ ಬಿಟ್ಟಳು. ನೋವು ನಿಂತಿತೆಂದು ನಾನು ನೆಮ್ಮದಿಯಾಗಿದ್ದೆ.

ಒಂದು ಸಂಜೆ ದನಕ್ಕೆ ಮೇವು ತರಲು ಹಿತ್ತಲಿಗೆ ಹೋದಾಗ, ಬಣವೆಯ ಹಿಂದೆ ಅವಳು ಕುಕ್ಕರುಗಾಲಲ್ಲಿ ಕುಳಿತಿದ್ದು ಕಂಡಿತು. ಫ್ರಾಕಿನ ಅಂಚನ್ನು ಬಾಯಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಕಾಲು ಹಿಚುಕಿಕೊಳ್ಳುತ್ತಿದ್ದಳು. ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮತ್ತ ನಾಟಕ ಅಂತಾರವ್ವಾ. ನಿನಗೂ ಬೈತಾರ."

ಅಷ್ಟು ಚಿಕ್ಕ ಹುಡುಗಿ ಸದ್ದಿಲ್ಲದೆ ಅಳುವುದನ್ನು ಕಲಿತಿದ್ದಳು. ಕಲಿಸಿದ್ದು ನಮ್ಮದೇ ಮನೆ. ಮೇವನ್ನು ಅಲ್ಲೇ ಬಿಟ್ಟು ಅವಳನ್ನು ಎತ್ತಿಕೊಂಡು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಕುಂದಗೋಳದ ದವಾಖಾನೆಗೆ ಹೊರಟೆ. "ಮೆಣಸಿನಕಾಯಿ ಬಿಡಿಸೂದೈತಿ, ಇವತ್ತ ಹೋಗಬೇಕೇನು?" ಎಂದರು ಗಂಡ. "ಹೌದ್ರಿ, ಇವತ್ತ" ಎಂದು ಬಸ್ಸು ಹತ್ತಿದೆ.

ಅಲ್ಲಿನ ಡಾಕ್ಟರು ಹೆಂಗಸು. ಕಾಲು ಒತ್ತಿ, ಮಡಚಿ, ಚಾಚಿಸಿ ನೋಡಿದರು. ನಡೆಸಿದರು. ನನ್ನನ್ನಲ್ಲ, ಮಗಳನ್ನೇ ಕೇಳಿದರು: ಒಂದೇ ಕಾಲೋ, ಎರಡೂ ನೋಯುತ್ತವೋ? ಬೆಳಿಗ್ಗೆ ಎದ್ದಾಗ ಇರುತ್ತದೋ? ಜ್ವರ, ಬಾವು ಬಂದಿತ್ತೋ? ಎರಡೂ ಕಾಲು, ಸಂಜೆಗೆ ಮಾತ್ರ, ಬೆಳಿಗ್ಗೆ ಏನೂ ಇರುವುದಿಲ್ಲ, ಜ್ವರವಿಲ್ಲ ಎಂದು ಅವಳು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟಳು.

"ಬೆಳಿಯೂ ಮಕ್ಕಳಿಗೆ ಹಿಂಗ ಬರತೈತ್ರಿ" ಎಂದರು ಡಾಕ್ಟರು. "ಅಂಜಬ್ಯಾಡ್ರಿ. ತಿಕ್ಕರಿ, ಬಿಸಿನೀರಾಗ ಅದ್ದಿದ ಅರಬಿಲೆ ಕಾವು ಕೊಡ್ರಿ, ಮಲಗೂಕಿಂತ ಮೊದಲ ಕಾಲು ಚಾಚಿಸಿ ಆಡಸ್ರಿ. ಒಂದ ಕಾಲಷ್ಟ ನೋಯಾಕ ಹತ್ತಿದ್ರ, ಬಾವು ಬಂದ್ರ, ಮುಂಜಾನೆ ಕುಂಟಿದ್ರ, ಜ್ವರ ಬಂದ್ರ ತಡ ಮಾಡದ ಕರಕೊಂಡು ಬರ್ರಿ." ಆಮೇಲೆ ಮಗಳ ತಲೆ ಮುಟ್ಟಿ ಹೇಳಿದರು: "ನೋವು ಖರೇನ ಐತಿ. ಯಾರರ ಸುಳ್ಳು ಅಂದ್ರ ನನ್ನ ಹೆಸರು ಹೇಳು."

ಹಿಂದಿರುಗುವಾಗ ಬಸ್ಸಿನಲ್ಲಿ ಮಗಳು ಕಿಟಕಿಗೆ ಮುಖ ಹಚ್ಚಿ ಹಾಡಿಕೊಂಡು ಬಂದಳು.

ಮನೆಗೆ ಬಂದು ಡಾಕ್ಟರು ಅಂದಿದ್ದನ್ನೆಲ್ಲ ಹೇಳಿದೆ. ಅತ್ತೆ ಅದರಲ್ಲಿ ತಮಗೆ ಬೇಕಾದ ಒಂದೇ ಮಾತು ಆರಿಸಿಕೊಂಡರು. "ಅಂಜಬ್ಯಾಡ್ರಿ ಅಂದ್ರಂತಲ್ಲ? ಅಂದ್ರ ಏನೂ ಇಲ್ಲ. ನಾ ಮೊದಲ ಅಂದಿದ್ದಿಲ್ಲೇನು?" ಗಂಡ ನಕ್ಕರು. ಕಾಯಿಲೆ ಇಲ್ಲವೆಂದರೆ ನೋವೂ ಇಲ್ಲ ಎಂದು ಇಬ್ಬರೂ ಕೂಡಿ ತೀರ್ಮಾನಿಸಿಬಿಟ್ಟರು.

ಮುಂದಿನ ಭಾನುವಾರ ಸಂಶಿಯಿಂದ ಅತ್ತೆಯ ತಂಗಿ ಬಂದಿದ್ದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಪಡಸಾಲೆಯಲ್ಲಿ ನಗು ಕೇಳಿತು. ಅತ್ತೆ ಮೊಮ್ಮಗಳಿಗೆ ಹೇಳುತ್ತಿದ್ದರು: "ಹೆಂಗ ಕುಂಟ್ತಿ, ಹೆಂಗ ಅಳ್ತಿ, ಒಮ್ಮೆ ಮಾಡಿ ತೋರಿಸ ಬಾ. ಇಕಿ ಸಲುವಾಗಿ ಕುಂದಗೋಳದ ದವಾಖಾನಿ ತನಕ ಹೋಗಿ ಬಂದಾರ."

ತಟ್ಟೆ ಹಿಡಿದು ಹೊರಬಂದಾಗ ಕಂಡಿದ್ದು ಇದು: ಮಗಳು ಎಂದೂ ಕುಂಟದವಳು, ಅವರನ್ನು ನಗಿಸಲೆಂದು ಕುಂಟುತ್ತಿದ್ದಳು. ಮುಖ ಸೊಟ್ಟ ಮಾಡಿ ಸುಳ್ಳು ಅಳು ಅಳುತ್ತಿದ್ದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ತನ್ನ ನೋವನ್ನು ತಾನೇ ಅಣಕಿಸಿದರೆ ಈ ಮನೆಯಲ್ಲಿ ಪ್ರೀತಿ ಸಿಗುತ್ತದೆ ಎಂದು ಅವಳಿಗೆ ತಿಳಿದುಬಿಟ್ಟಿತ್ತು.

ತಟ್ಟೆಯನ್ನು ನೆಲಕ್ಕಿಟ್ಟೆ.

"ಅತ್ತೀ, ಇಕಿ ಅಣ್ಣಗ ಕಾಲು ನೋಯುಮುಂದ ನೀವು ಯಾರ ಮುಂದೂ ಅವನ್ನ ಕುಂಟಸಲಿಲ್ಲ. ಎಣ್ಣಿ ಹಚ್ಚಿದ್ರಿ. ಇಕಿದು ಹೆಂಗ ನಾಟಕ ಆತು, ಹೇಳ್ರಿ."

"ಅಂವ ಗಂಡುಹುಡುಗ" ಎಂದರು ಅತ್ತೆ. ಅದೇ ಪೂರ್ತಿ ಉತ್ತರ ಎನ್ನುವಂತೆ ಅಂದರು.

"ಗಂಡುಹುಡುಗನ ಎಲುಬಷ್ಟ ಬೆಳಿತಾವೇನ್ರಿ?"

ಸಂಶಿಯವರು ನಡುವೆ ಬಂದರು. "ಹೋಗ್ಲಿ ಬಿಡವಾ, ಚ್ಯಾಷ್ಟಿ ಮಾಡಿದ್ವಿ."

"ಬಣವಿ ಹಿಂದ ಬಾಯಾಗ ಅರಬಿ ಕಚಗೊಂಡು ಅಳೂದು ಚ್ಯಾಷ್ಟಿ ಅಲ್ಲರಿ ಚಿಗವ್ವಾ. ನಾ ಕಣ್ಣಾರೆ ನೋಡೇನಿ. ಇನ್ನ ಮ್ಯಾಲ ಈ ಮನ್ಯಾಗ ಯಾರೂ ಇಕಿನ್ನ ಕುಂಟಸಬಾರದು."

ಯಾರೂ ಚಹಾ ಮುಟ್ಟಲಿಲ್ಲ. ಗಂಡ ನನ್ನ ಹಿಂದೆಯೇ ಅಡುಗೆಮನೆಗೆ ಬಂದು, "ಮಂದಿ ಮುಂದ ಹಂಗ ಮಾತಾಡಬಾರದಿತ್ತು" ಎಂದರು. "ಮಂದಿ ಮುಂದ ಆಕಿನ್ನ ಕುಣಿಸಬಾರದಿತ್ತು" ಎಂದೆ.

ಅತ್ತೆ ಬಹಳ ದಿನ ನನ್ನ ಕೂಡ ಮಾತು ಬಿಟ್ಟರು. ನಾನೂ ರಮಿಸಲು ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಸಿದೆ, ಅಷ್ಟೇ. ಮಗಳ ಕಾಲು ತಿಕ್ಕುವುದನ್ನು ಮಾತ್ರ ಅಡುಗೆಮನೆಯಿಂದ ಪಡಸಾಲೆಗೆ ತಂದೆ. ಎಲ್ಲರೂ ಟಿವಿ ನೋಡುವ ಹೊತ್ತಿಗೆ ನಟ್ಟನಡುವೆ ಚಾಪೆ ಹಾಸಿ, ಕಾವು ಕೊಟ್ಟು, ಪಾದ ಹಿಡಿದು ಕಾಲು ಚಾಚಿಸುತ್ತಿದ್ದೆ. ಟಿವಿ ಕಾಣದಿದ್ದವರು ಸರಿದು ಕೂತರು.

ಒಂದು ಸಂಜೆ ನನ್ನ ಕೈಯೆಲ್ಲ ರೊಟ್ಟಿ ಹಿಟ್ಟಾಗಿದ್ದಾಗ ಅವಳಿಗೆ ನೋವು ಬಂತು. ಗಂಡ ತಾವೇ ಬಂದು ಚಾಪೆಯ ಮೇಲೆ ಕೂತರು. "ಎಲ್ಲಿ ನೋಯ್ತಾವು, ಹೇಳು" ಎಂದು ಕೇಳಿದರು. ದನಿ ಮೆತ್ತಗಿತ್ತು. ಬೇರೆಯವರು ನೋಡಿದ್ದರೆ ಎಲ್ಲ ಸರಿಹೋಯಿತು ಅನ್ನುತ್ತಿದ್ದರು. ನನಗೆ ಹಾಗನಿಸಲಿಲ್ಲ. ಏಕೆಂದರೆ ಉತ್ತರ ಕೊಡುವ ಮುನ್ನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದಳು, ಹೇಳಬಹುದೋ ಬಾರದೋ ಎಂದು ಕೇಳುವ ಹಾಗೆ. ಹೆತ್ತ ತಂದೆಗೆ ನೋವು ಹೇಳಿಕೊಳ್ಳಲು ಅಪ್ಪಣೆ ಬೇಕಾಗಿತ್ತು ಅವಳಿಗೆ. ಆ ನೋಟ ನೆನಪಾದಾಗಲೆಲ್ಲ ನನ್ನ ಸಿಟ್ಟು ಹೊಸದಾಗಿ ಏಳುತ್ತದೆ.

ನಾನು ತಲೆಯಾಡಿಸಿದೆ. "ಎರಡೂ ಮೀನಖಂಡ, ಅಪ್ಪಾ" ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.